ಗೃಹಸ್ಥರ ಪುಟ: ಲಸಿಕೆಯ ವಿನಾಯಿತಿಯೂ ಒಂದು ಸಾಲಿನ ಸುಳ್ಳೂ

ಈ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಮಲೆನಾಡಿನ ಕಡೆಯ ಗೃಹಸ್ಥರೊಬ್ಬರ ಪತ್ರವು ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಅವರ ಮಗಳು ವಿದ್ಯಾಭ್ಯಾಸಕ್ಕೆಂದು ಅಮೆರಿಕಾಕ್ಕೆ ಹೋಗಿ, ಅಲ್ಲಿಯ ಪೌರನಾದ ಕನ್ನಡಿಗ ವರನೊಬ್ಬನನ್ನು ಹಿರಿಯರ ಒಪ್ಪಿಗೆಯಿಂದಲೇ ವರಿಸಿದ್ದಾಳೆ. ಆಕೆ ಈಗ ನಾಲ್ಕು ತಿಂಗಳ ಗರ್ಭಿಣಿ. ಅಲ್ಲಿಯೇ ಶಾಶ್ವತವಾಗಿ ನೆಲೆಸುವ ಹಕ್ಕಿಗಾಗಿ ದಂಪತಿಗಳು ಅರ್ಜಿ ಸಿದ್ಧಮಾಡುತ್ತಿರುವಾಗ, ಹಲವು ರೋಗಗಳ ಲಸಿಕೆ ಆಗಿರಬೇಕೆಂಬ ನಿಯಮವು ಅಡ್ಡ ಬಂದಿದೆ. ಹೊಟ್ಟೆಯಲ್ಲಿ ಕೂಸಿರುವಾಗ ಸೂಜಿಮದ್ದೆಂದರೆ ಹುಡುಗಿಗೆ ಭಯ. ಅಳಿಯನ ಸ್ನೇಹಿತರು, “ಲಸಿಕೆಯು ನಮ್ಮ ಧರ್ಮಕ್ಕೆ ವಿರುದ್ಧವೆಂದು ಒಂದು ಸಾಲು ಬರೆದುಬಿಡಿ, ವಿನಾಯಿತಿ ಸಿಗುತ್ತದೆ” ಎಂದು ಉಪದೇಶಿಸಿದ್ದಾರಂತೆ. “ನಮ್ಮ ಮನೆಯಲ್ಲಿ ಅಂಥ ನಿಷೇಧವೇನೂ ಇಲ್ಲ. ಆದರೂ ಒಂದು ಸಾಲಿನಿಂದ ಮಗುವಿನ ಕಷ್ಟ ತಪ್ಪುವುದಾದರೆ ಬರೆದರೇನು?” ಎಂದು ತಂದೆಯವರು ಕೇಳಿದ್ದಾರೆ.

ಹೆಣ್ಣುಮಕ್ಕಳನ್ನು ಸಮುದ್ರದಾಚೆಗೆ ಕೊಟ್ಟಿರುವ ಮನೆಗಳು ಇಂದು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಆದುದರಿಂದ ಈ ಪ್ರಶ್ನೆಗೆ ಎಲ್ಲರಿಗೂ ತಿಳಿಯುವಂತೆ ಇಲ್ಲಿಯೇ ಉತ್ತರ ಹೇಳುವುದು ಯುಕ್ತವೆಂದು ತೋರಿತು.

ಮೊದಲು ನಿಯಮವೇನೆಂಬುದನ್ನು ನೋಡೋಣ. ಅಮೆರಿಕಾದಲ್ಲಿ ಶಾಶ್ವತವಾಗಿ ನೆಲೆಸಬಯಸುವವರು ಕೆಲವು ರೋಗಗಳಿಗೆ ಲಸಿಕೆ ಹಾಕಿಸಿಕೊಂಡಿರುವುದನ್ನು ದಾಖಲೆಯಿಂದ ತೋರಿಸಬೇಕೆಂದು 1996ರಲ್ಲಿ ಅಲ್ಲಿಯ ವಲಸೆಯ ಕಾಯಿದೆಗೆ ಒಂದು ಭಾಗವನ್ನು ಸೇರಿಸಿದರು. ಮಂಗನಬಾವು, ದಡಾರ, ರುಬೆಲ್ಲ, ಪೋಲಿಯೋ, ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು, ಹೆಪಟೈಟಿಸ್ ಬಿ ಮುಂತಾದವು ಕಾಯಿದೆಯಲ್ಲಿಯೇ ಹೆಸರಿಸಲ್ಪಟ್ಟಿವೆ. ಇವಲ್ಲದೆ ಆರೋಗ್ಯ ಇಲಾಖೆಯವರು ಆಗಾಗ್ಗೆ ಬೇರೆ ಲಸಿಕೆಗಳನ್ನು ಸೇರಿಸುವುದೂ ತೆಗೆಯುವುದೂ ಉಂಟು. ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು 2008ರಲ್ಲಿ ಸೇರಿಸಿ 2009ರ ಡಿಸೆಂಬರಿನಲ್ಲಿ ಕೈಬಿಟ್ಟರು. ಕೋವಿಡ್ ಲಸಿಕೆಯು 2021ರ ಅಕ್ಟೋಬರಿನಲ್ಲಿ ಸೇರಿ 2025ರಲ್ಲಿ ಹೊರಬಿದ್ದಿತು. ಆದುದರಿಂದ ನೆರೆಮನೆಯವರ ಮಗಳಿಗೆ ಮೂರು ವರ್ಷದ ಹಿಂದೆ ಯಾವ ಲಸಿಕೆ ಕೇಳಿದರೆಂಬ ಸುದ್ದಿಯನ್ನು ನಂಬಿ ಕೂರದೆ, ಪರೀಕ್ಷೆ ಮಾಡುವ ವೈದ್ಯರಿಂದಲೇ ಆ ದಿನದ ಪಟ್ಟಿಯನ್ನು ತಿಳಿದುಕೊಳ್ಳತಕ್ಕುದು.

ಈ ಪರೀಕ್ಷೆಯನ್ನು ಎಲ್ಲ ವೈದ್ಯರೂ ಮಾಡಲಾಗದು. ಅಮೆರಿಕಾದೊಳಗೆ ಇರುವವರಿಗೆ ವಲಸೆ ಇಲಾಖೆಯವರು ಗೊತ್ತುಮಾಡಿದ ವೈದ್ಯರಿದ್ದಾರೆ. ಅವರನ್ನು ಸಿವಿಲ್ ಸರ್ಜನ್ ಎಂದು ಕರೆಯುತ್ತಾರೆ. ನಮ್ಮ ಜಿಲ್ಲಾ ಆಸ್ಪತ್ರೆಯ ಅಧಿಕಾರಿಗೂ ಇವರಿಗೂ ಹೆಸರಿನ ಹೋಲಿಕೆಯೇ ಹೊರತು ಬೇರೆ ಸಂಬಂಧವಿಲ್ಲ. ಅವರು ಐ-693 ಎಂಬ ಫಾರಮನ್ನು ತುಂಬಿ, ಲಕೋಟೆಯಲ್ಲಿಟ್ಟು ಮುಚ್ಚಿ ಕೊಡುತ್ತಾರೆ. 2024ರ ಡಿಸೆಂಬರಿನಿಂದ ಈ ಲಕೋಟೆಯನ್ನು ಮುಖ್ಯ ಅರ್ಜಿಯೊಡನೆಯೇ ಕಳುಹಿಸಬೇಕೆಂದು ವಿಧಿಸಿದ್ದಾರೆ. ಇನ್ನೂ ನಮ್ಮ ದೇಶದಲ್ಲಿಯೇ ಇದ್ದು ವೀಸಾ ಪಡೆದು ಹೋಗುವವರನ್ನು ಆ ದೇಶದ ರಾಯಭಾರ ಕಚೇರಿಯವರು ಗೊತ್ತುಮಾಡಿದ ವೈದ್ಯರು ಪರೀಕ್ಷಿಸುವರು. ಪತಿಯು ಅಮೆರಿಕಾದ ಪೌರನೆಂಬ ಮಾತ್ರಕ್ಕೆ ಪತ್ನಿಗೆ ಲಸಿಕೆಯ ನಿಯಮ ತಪ್ಪುವುದಿಲ್ಲ.

ಹಾಗಾದರೆ ನಿಯಮಕ್ಕೆ ವಿನಾಯಿತಿಯೇ ಇಲ್ಲವೆ? ಇದೆ, ಒಂದಲ್ಲ, ಎರಡು ಬಗೆಯುಂಟು. ಇವೆರಡನ್ನೂ ಒಂದೇ ಎಂದು ತಿಳಿದುಕೊಂಡುದೇ ನಮ್ಮ ಪತ್ರಲೇಖಕರ ತೊಡಕಿಗೆಲ್ಲ ಮೂಲವೆಂದು ನಮಗೆ ತೋರುತ್ತದೆ.

ಮೊದಲನೆಯದು ವೈದ್ಯರ ಕೈಯಲ್ಲಿರುವುದು. ಯಾವುದಾದರೊಂದು ಲಸಿಕೆಯು ಈ ವ್ಯಕ್ತಿಗೆ ಈ ಸಮಯದಲ್ಲಿ ವೈದ್ಯಶಾಸ್ತ್ರದ ಪ್ರಕಾರ ತಕ್ಕದ್ದಲ್ಲವೆಂದು ಕಂಡರೆ, ಸಿವಿಲ್ ಸರ್ಜನ್ನರು ಅದನ್ನು ಫಾರಮಿನಲ್ಲಿ ಗುರುತು ಮಾಡಿದರೆ ಸಾಕು. ಅದಕ್ಕೆ ಬೇರೆ ಅರ್ಜಿಯಾಗಲಿ ಬೇರೆ ಫೀಜಾಗಲಿ ಇಲ್ಲ. ವಯಸ್ಸಿಗೆ ಹೊಂದದ ಲಸಿಕೆ, ಹಿಂದೆ ಅದೇ ಲಸಿಕೆಯಿಂದ ಪ್ರಾಣಾಪಾಯದ ವಿಕಾರವುಂಟಾದುದು, ರೋಗನಿರೋಧ ಶಕ್ತಿ ಕುಂದಿರುವುದು, ಎರಡು ಸರದಿಗಳ ನಡುವೆ ಕಳೆಯಬೇಕಾದ ಕಾಲ ಕಳೆಯದಿರುವುದು, ಇವೆಲ್ಲ ಈ ಬಗೆಗೆ ಸೇರಿದುವು. ಫ್ಲೂ ಜ್ವರದ ಲಸಿಕೆಯನ್ನಂತೂ ಆ ಜ್ವರದ ಕಾಲವಾದ ಅಕ್ಟೋಬರಿನಿಂದ ಮಾರ್ಚಿಯವರೆಗೆ ಮಾತ್ರ ಕೇಳುವರು.

ಗರ್ಭಿಣಿಯ ವಿಷಯವೂ ಇಲ್ಲಿಯೇ ಬರುತ್ತದೆ. ದಡಾರ, ಮಂಗನಬಾವು, ರುಬೆಲ್ಲ ಈ ಮೂರಕ್ಕೂ ಒಟ್ಟಾಗಿ ಹಾಕುವ ಲಸಿಕೆಯೂ, ಸೀತಾಳೆ ಸಿಡುಬಿನ ಲಸಿಕೆಯೂ, ಬಲಗುಂದಿಸಿದ ಜೀವಂತ ರೋಗಾಣುಗಳಿಂದ ಮಾಡಿದುವು. ಗರ್ಭಿಣಿಯರಿಗೆ ಇವುಗಳನ್ನು ಹಾಕಬಾರದೆಂದು ವೈದ್ಯರೇ ನಿಷೇಧಿಸಿದ್ದಾರೆ. ಎಂದ ಮೇಲೆ ಆ ಹುಡುಗಿಯು ಅಂಜಿದ ಮುಖ್ಯ ವಿಷಯದಲ್ಲಿ ಅಲ್ಲಿಯ ಕಾಯಿದೆಯು ಮೊದಲೇ ಅವಳ ಪಕ್ಷವನ್ನು ವಹಿಸಿದೆ. ಇದಕ್ಕಾಗಿ ಧರ್ಮದ ಹೆಸರನ್ನು ಎತ್ತುವ ಅಗತ್ಯವೇ ಇಲ್ಲ. ಆದರೆ ಗರ್ಭಿಣಿಯೆಂದು ಎಲ್ಲ ಲಸಿಕೆಗಳೂ ಬಿಟ್ಟುಹೋಗುವುದಿಲ್ಲವೆಂಬುದನ್ನೂ ನಾವು ಹೇಳಬೇಕು. ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮುಗಳಿಗೆ ಒಟ್ಟಿಗೆ ಕೊಡುವ ಸೂಜಿಮದ್ದನ್ನು ಗರ್ಭದ 27ನೆಯ ವಾರದಿಂದ 36ನೆಯ ವಾರದೊಳಗೆ ತಾಯಂದಿರಿಗೆ ಹಾಕಬೇಕೆಂದು ಅಲ್ಲಿಯ ವೈದ್ಯರು ತಾವಾಗಿಯೇ ಸಲಹೆ ಮಾಡುತ್ತಾರೆ. ತಾಯಿಯ ರಕ್ತದಲ್ಲಿ ಹುಟ್ಟಿದ ರಕ್ಷಣೆಯು ಕೂಸಿಗೂ ದೊರೆತು, ಹುಟ್ಟಿದ ಮೊದಲ ತಿಂಗಳುಗಳಲ್ಲಿ ನಾಯಿಕೆಮ್ಮಿನಿಂದ ಅದನ್ನು ಕಾಪಾಡಲೆಂದೇ ಈ ಏರ್ಪಾಡು. ಭಯವನ್ನು ಗಂಟಿನಂತೆ ಒಟ್ಟಾಗಿ ಹೊರದೆ, ಯಾವ ಮದ್ದು ಆದೀತು, ಯಾವುದು ಆಗದು ಎಂದು ಹೆರಿಗೆಯ ವೈದ್ಯೆಯನ್ನು ಒಂದೊಂದಾಗಿ ಕೇಳಿ ತಿಳಿಯುವುದು ಲೇಸು.

ಇನ್ನೊಂದು ಮಾತು. ಹಲವರಿಗೆ ಬೇಕಾಗಿರುವುದು ವಿನಾಯಿತಿಯಲ್ಲ, ಹಳೆಯ ಚೀಟಿ. ಬಾಲ್ಯದಲ್ಲಿ ಹಾಕಿಸಿದ ಲಸಿಕೆಗೆ ತಾರೀಖು ಸಹಿತವಾದ ಬರಹವಿದ್ದರೆ ಅದನ್ನು ಒಪ್ಪುತ್ತಾರೆ, ಬಾಯಿಮಾತನ್ನು ಒಪ್ಪುವುದಿಲ್ಲ. ಪೆಟ್ಟಿಗೆಯ ಅಡಿಯಲ್ಲಿ ಬಿದ್ದಿರುವ ತಾಯಿಕಾರ್ಡನ್ನು ತಾಯಂದಿರು ಹುಡುಕಿ ತೆಗೆದು, ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದದೊಡನೆ ಕಳುಹಿಸುವುದು ದೊಡ್ಡ ಉಪಕಾರ. ಆದರೆ ನಮ್ಮ ಸರ್ಕಾರದ ಲಸಿಕೆಯ ಯೋಜನೆಯಲ್ಲಿ ಮಂಗನಬಾವು, ಸೀತಾಳೆ ಸಿಡುಬುಗಳು ಸೇರಿಲ್ಲ. ರುಬೆಲ್ಲದ ಲಸಿಕೆಯು ಕರ್ಣಾಟಕದಲ್ಲಿ ದಡಾರದ್ದರೊಡನೆ ಎಲ್ಲ ಮಕ್ಕಳಿಗೂ ಆರಂಭವಾದುದು 2017ರಲ್ಲಿ. ಹೀಗಾಗಿ ಕಾರ್ಡು ಸಿಕ್ಕಿದರೂ ಕೆಲವು ಸಾಲುಗಳು ಬರಿದಾಗಿರುತ್ತವೆ. ಅದಕ್ಕೂ ಉಪಾಯವುಂಟು. ದಡಾರ, ಮಂಗನಬಾವು, ರುಬೆಲ್ಲ, ಸೀತಾಳೆ, ಹೆಪಟೈಟಿಸ್ ಬಿ, ಇವುಗಳ ನಿರೋಧಶಕ್ತಿ ಮೈಯಲ್ಲಿದೆಯೆಂದು ರಕ್ತಪರೀಕ್ಷೆಯಿಂದ ಸಿದ್ಧವಾದರೆ ಮತ್ತೆ ಲಸಿಕೆ ಬೇಕಿಲ್ಲ. ಹಲವು ಸರದಿಗಳಲ್ಲಿ ಹಾಕುವ ಲಸಿಕೆಯಾದರೆ, ಕೊಡಬಹುದಾದ ಒಂದು ಸರದಿಯನ್ನು ಹಾಕಿಸಿಕೊಂಡರೆ ಸಾಕು. ಉಳಿದ ಸರದಿಗಳಿಗಾಗಿ ಅರ್ಜಿಯನ್ನು ತಡೆಹಿಡಿಯುವುದಿಲ್ಲ.

ಈಗ ಎರಡನೆಯ ಬಗೆಗೆ ಬರೋಣ. ಇದು ಧರ್ಮಶ್ರದ್ಧೆಯಿಂದಲೋ ನೈತಿಕ ನಿಷ್ಠೆಯಿಂದಲೋ ಲಸಿಕೆಯನ್ನು ಒಲ್ಲದವರಿಗಾಗಿ ಇಟ್ಟಿರುವ ಬಾಗಿಲು. ಇಲ್ಲಿ ಐ-601 ಎಂಬ ಪ್ರತ್ಯೇಕ ಅರ್ಜಿಯನ್ನು ಹಾಕಬೇಕು. 2024ರ ಏಪ್ರಿಲಿನಲ್ಲಿ ಜಾರಿಗೆ ಬಂದ ದರದ ಪ್ರಕಾರ ಇದಕ್ಕೆ 1050 ಡಾಲರು ಫೀಜು. ಅರ್ಜಿದಾರರು ಮೂರು ಸಂಗತಿಗಳನ್ನು ಸ್ಥಾಪಿಸಬೇಕು. ತಾವು ಎಲ್ಲ ಬಗೆಯ ಲಸಿಕೆಗಳನ್ನೂ ವಿರೋಧಿಸುವವರು, ಒಂದನ್ನು ಒಪ್ಪಿ ಇನ್ನೊಂದನ್ನು ಒಲ್ಲದವರಲ್ಲ ಎಂಬುದು ಮೊದಲನೆಯದು. ಆ ವಿರೋಧಕ್ಕೆ ಧರ್ಮಶ್ರದ್ಧೆಯೋ ನೈತಿಕ ನಿಷ್ಠೆಯೋ ಆಧಾರವೆಂಬುದು ಎರಡನೆಯದು. ಆ ನಂಬಿಕೆಯು ಮನಃಪೂರ್ವಕವಾದುದೆಂಬುದು ಮೂರನೆಯದು. ಇವು ಮೂರೂ ಸರಿಹೋದರೂ ವಿನಾಯಿತಿ ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆಗೆ ಸೇರಿದುದು.

ನಿಜವಾಗಿಯೂ ಅಂಥ ನಿಷ್ಠೆಯುಳ್ಳವರನ್ನು ನಾವು ಗೌರವಿಸುತ್ತೇವೆ; ಕಾಯಿದೆಯೂ ಅವರನ್ನು ಗೌರವಿಸಿದೆ. ಅವರು ಇಂಥದೇ ಮಠಕ್ಕೋ ಮತಕ್ಕೋ ಸೇರಿರಬೇಕೆಂಬ ಕಟ್ಟಳೆಯಿಲ್ಲ. ಬಾಲ್ಯದಲ್ಲಿ ತಂದೆತಾಯಿಗಳು ಹಾಕಿಸಿದ ಲಸಿಕೆಯೊಂದರಿಂದಲೇ ಅರ್ಜಿ ಬಿದ್ದುಹೋಗುವುದಿಲ್ಲ; ತಮ್ಮ ನಂಬಿಕೆ ಯಾವಾಗ, ಹೇಗೆ ಬೆಳೆಯಿತೆಂಬುದನ್ನು ಪ್ರಮಾಣಪೂರ್ವಕವಾಗಿ ಬರೆದು, ಬಲ್ಲವರ ಹೇಳಿಕೆಗಳನ್ನೂ ಜೊತೆಗಿಡಬಹುದು. ಬೇರೆ ಕಾರಣಗಳಿಗೆ ಇದೇ ಫಾರಮಿನಲ್ಲಿ ವಿನಾಯಿತಿ ಕೇಳುವವರಲ್ಲಿ ಅನೇಕರು ತಮ್ಮ ಪತಿಗೋ ಪತ್ನಿಗೋ ಒದಗುವ ತೀವ್ರ ಕಷ್ಟವನ್ನು ತೋರಿಸಬೇಕಾಗುತ್ತದೆ. ಲಸಿಕೆಯ ವಿಷಯದಲ್ಲಿ ಅದು ಬೇಕಿಲ್ಲ. ಮನಸ್ಸಾಕ್ಷಿಯೊಂದನ್ನೇ ಕಾಯಿದೆ ಕೇಳುತ್ತದೆ.

ಮನಸ್ಸಾಕ್ಷಿಯನ್ನು ಕೇಳುವ ಬಾಗಿಲಿನಲ್ಲಿ ಮನಸ್ಸಾಕ್ಷಿಯಿಲ್ಲದ ಮಾತನ್ನು ಹೇಳಬಹುದೆ? ಪತ್ರಲೇಖಕರೇ ಒಪ್ಪಿರುವಂತೆ ಅವರ ಮನೆಯಲ್ಲಿ ಅಂಥ ನಿಷೇಧವಿಲ್ಲ. ನಮ್ಮ ನಾಡಿನ ನಡೆವಳಿಕೆಯಲ್ಲಿಯೂ ಅದು ಕಾಣದು. ದೇವಿ ಹಾಕಿಸುವುದೆಂದು ನಮ್ಮ ಅಜ್ಜಿಯರು ಕರೆದುದೂ ಲಸಿಕೆಯನ್ನೇ. ತೋಳಿನ ಮೇಲಣ ಆ ಕಲೆಯನ್ನು ಅವರು ಅಧರ್ಮವೆಂದು ಎಣಿಸಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರಾಗಿದ್ದ 1805ರ ಸುಮಾರಿನಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಬರೆದ ಮೂವರು ಸ್ತ್ರೀಯರ ಚಿತ್ರವೊಂದಿದೆ. ಅವರು ಮೈಸೂರಿನ ರಾಣಿವಾಸದವರೆಂದೂ, ಅವರಲ್ಲೊಬ್ಬರು ಸೆರಗನ್ನು ಸರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡುದನ್ನು ಪ್ರಜೆಗಳಿಗೆ ತೋರಿಸಲೆಂದೂ ಇತಿಹಾಸಜ್ಞರಲ್ಲಿ ಒಂದು ಅಭಿಪ್ರಾಯವುಂಟು.

ಧರ್ಮದ ಮಾತು ಹಾಗಿರಲಿ. ಬರಿಯ ಲೌಕಿಕದಿಂದ ನೋಡಿದರೂ ಈ ಸಾಲು ಅಪಾಯಕರವಾದುದು. ಫಾರಮಿನ ಕೊನೆಯಲ್ಲಿ ಹಾಕುವ ರುಜುವು ಸತ್ಯಪ್ರಮಾಣಕ್ಕೆ ಸಮಾನ. ವಲಸೆಯ ಅನುಕೂಲಕ್ಕಾಗಿ ಮುಖ್ಯ ವಿಷಯದಲ್ಲಿ ಬೇಕೆಂದೇ ಸುಳ್ಳು ಹೇಳಿದವರು ಪ್ರವೇಶಕ್ಕೆ ಅನರ್ಹರೆಂದು ಅದೇ ಕಾಯಿದೆಯ ಇನ್ನೊಂದು ಭಾಗವು ಹೇಳುತ್ತದೆ. ಆ ಅನರ್ಹತೆಗೆ ಇಷ್ಟು ವರ್ಷವೆಂಬ ಗಡುವಿಲ್ಲ, ಜೀವಮಾನವೆಲ್ಲ ಬೆನ್ನಿಗಿರುತ್ತದೆ. ಅದನ್ನು ಮನ್ನಿಸಬೇಕಾದರೆ ಆಗ ಪತಿಯ ತೀವ್ರ ಕಷ್ಟವನ್ನು ತೋರಿಸಿಯೇ ಬೇಡಿಕೊಳ್ಳಬೇಕು. ಲಸಿಕೆಯ ಕೊರತೆಯನ್ನು ಒಂದು ದಿನ ವೈದ್ಯರಲ್ಲಿಗೆ ಹೋಗಿ ತುಂಬಿಕೊಳ್ಳಬಹುದು. ಸುಳ್ಳಿನ ಕೊರತೆಯನ್ನು ತುಂಬುವ ಮದ್ದು ಯಾವ ವೈದ್ಯರಲ್ಲಿಯೂ ಇಲ್ಲ. ಮೇಲಾಗಿ ಧರ್ಮದ ಹೆಸರಿನಲ್ಲಿ ಎಲ್ಲ ಲಸಿಕೆಗಳನ್ನೂ ಒಲ್ಲೆನೆಂದು ಬರೆದುಕೊಟ್ಟ ತಾಯಿಯು, ನಾಳೆ ಹುಟ್ಟುವ ಕೂಸಿಗೆ ಲಸಿಕೆ ಹಾಕಿಸಲು ಯಾವ ಮುಖದಿಂದ ಹೋದಾಳು?

ಆದುದರಿಂದ ಪತ್ರಲೇಖಕರಿಗೆ ನಮ್ಮ ಅರಿಕೆಯಿಷ್ಟೆ. ಮಗಳಿಗೆ ಇಂದೇ ತಿಳಿಸಿರಿ: ತಾನು ಗರ್ಭಿಣಿಯೆಂಬುದನ್ನು ಸಿವಿಲ್ ಸರ್ಜನ್ನರಿಗೆ ಮೊದಲ ಮಾತಿನಲ್ಲಿಯೇ ಹೇಳಲಿ, ಹೆರಿಗೆಯ ವೈದ್ಯೆಯಿಂದ ಚೀಟಿಯೊಂದನ್ನು ಒಯ್ಯಲಿ, ಹಳೆಯ ಕಾರ್ಡನ್ನು ತೋರಿಸಲಿ, ಬರಿದಾದ ಸಾಲುಗಳಿಗೆ ರಕ್ತಪರೀಕ್ಷೆಯನ್ನು ಕೇಳಲಿ. ಲಕೋಟೆಯನ್ನು ಮುಚ್ಚುವ ಮೊದಲು ತನಗೊಂದು ನಕಲನ್ನು ಪಡೆದು, ವೈದ್ಯರು ಪ್ರತಿಯೊಂದು ಸಾಲಿನಲ್ಲಿಯೂ ಗುರುತು ಮಾಡಿದ್ದಾರೆಯೆ ಎಂದು ನೋಡಿಕೊಳ್ಳಲಿ. ಇಷ್ಟರ ಮೇಲೂ ಸಂದೇಹ ಉಳಿದರೆ, ಸ್ನೇಹಿತರ ಬದಲು ಅಲ್ಲಿಯ ವಲಸೆಯ ಕಾಯಿದೆ ಬಲ್ಲ ವಕೀಲರನ್ನು ವಿಚಾರಿಸತಕ್ಕುದು.

ಹೊಸ ದೇಶದಲ್ಲಿ ಹೊಸ ಸಂಸಾರವನ್ನು ಹೂಡುವ ಮಗಳಿಗೆ ತವರಿನವರು ಕೊಡಬಹುದಾದ ಉಡುಗೊರೆಗಳು ಅನೇಕ. ಹೆದರಿಕೆಯ ಸಮಯದಲ್ಲಿಯೂ ಇದ್ದುದನ್ನು ಇದ್ದಂತೆ ಹೇಳುವ ಧೈರ್ಯವು ಅವುಗಳಲ್ಲಿ ಹಿರಿದೆಂದು ನಾವು ನಂಬಿದ್ದೇವೆ. ಹೆರಿಗೆಯು ಸುಖವಾಗಿ ನೆರವೇರಿ, ತಾಯಿಗೂ ಕೂಸಿಗೂ ಒಳಿತಾದ ಸುದ್ದಿಯನ್ನು ಅಜ್ಜನವರು ನಮಗೂ ಒಂದು ಕಾರ್ಡಿನಲ್ಲಿ ತಿಳಿಸುವರೆಂದು ಎದುರುನೋಡುತ್ತೇವೆ.