ಉಂಡ ಮನೆಯ ಜಂತೆ ಎಣಿಸಬೇಕಾಗಿದೆ

ಪಶ್ಚಿಮ ಘಟ್ಟದಲ್ಲಿ ಹುಟ್ಟಿದ ಕೃಷ್ಣೆ ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಗೂ, ಘಟಪ್ರಭೆ ಮುಧೋಳ ಸೀಮೆಗೂ ನೀರುಣಿಸಿ, ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಒಂದಾಗುತ್ತವೆ. ಈ ಹಾದಿಯುದ್ದಕ್ಕೂ ಕಬ್ಬಿನ ಹೊಲಗಳಿವೆ, ಸಕ್ಕರೆ ಕಾರ್ಖಾನೆಗಳಿವೆ, ಕಾಕಂಬಿಯಿಂದ ಮದ್ಯಸಾರ ತೆಗೆಯುವ ಡಿಸ್ಟಿಲರಿಗಳಿವೆ. ಒಂದು ಲೀಟರ್ ಮದ್ಯಸಾರ ತೆಗೆದರೆ ಎಂಟರಿಂದ ಹದಿನೈದು ಲೀಟರಿನಷ್ಟು ಕಪ್ಪು ಕೊಳೆನೀರು ಉಳಿಯುತ್ತದೆ. ಅದು ಹಳ್ಳಕ್ಕೆ ಸೇರಿದರೆ ನೀರಿನೊಳಗಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಉಸಿರುಗಟ್ಟಿಸುತ್ತದೆ.

ಸತ್ತ ಮೀನನ್ನು ಬೆಳಿಗ್ಗೆ ಊರು ನೋಡುತ್ತದೆ. ರಾತ್ರಿ ಯಾವ ಗೇಟು ತೆರೆಯಿತು, ಯಾರ ಅಪ್ಪಣೆಯಿಂದ ತೆರೆಯಿತು ಎಂಬುದನ್ನು ಬಲ್ಲವನು ಮಾತ್ರ ಪಾಳಿಯ ಕೆಲಸಗಾರ. 2014ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಸಕ್ಕರೆ, ಡಿಸ್ಟಿಲರಿಗಳೂ ಸೇರಿದಂತೆ ಹದಿನೇಳು ಬಗೆಯ ಉದ್ಯಮಗಳಿಗೆ ಸದಾ ಅಳೆಯುವ ಮಾಪಕಗಳನ್ನು ಕೂರಿಸಲು ಆದೇಶಿಸಿತು. ಒಳ್ಳೆಯದೇ. ಆದರೆ ಮಾಪಕವಿರುವ ಕೊಳವೆಯನ್ನು ಬಿಟ್ಟು ಬೇರೆ ದಾರಿಯಲ್ಲಿ ಹರಿದ ನೀರನ್ನು ಯಂತ್ರ ಕಾಣದು, ಮನುಷ್ಯ ಕಾಣುತ್ತಾನೆ.

ಆ ಮನುಷ್ಯನ ಬಾಯಿ ಮುಚ್ಚಿಸಲು ಧಣಿಗಳ ಬಳಿ ಹಳೆಯ ಗಾದೆಯೊಂದಿದೆ: ಉಂಡ ಮನೆಯ ಜಂತೆ ಎಣಿಸಬಾರದು. ಕೇಳಲು ಎಷ್ಟು ಧರ್ಮಸಮ್ಮತ! ದುಡಿದು ಪಡೆದ ಕೂಲಿ ಯಾವಾಗ ಧಣಿಯ ಮನೆಯ ಊಟವಾಯಿತು? ಕಾರ್ಮಿಕನ ಮಕ್ಕಳು ಕುಡಿಯುವುದೂ ಅದೇ ನದಿಯ ನೀರನ್ನು. 2018ರ ಡಿಸೆಂಬರಿನಲ್ಲಿ ಮುಧೋಳದ ಬಳಿಯ ಸಕ್ಕರೆ ಕಾರ್ಖಾನೆಯೊಂದರ ತ್ಯಾಜ್ಯನೀರು ಶುದ್ಧೀಕರಣ ಘಟಕದಲ್ಲಿ ಸ್ಫೋಟವಾದಾಗ ಸತ್ತವರೂ ಕಾರ್ಮಿಕರೇ. ಜಂತೆ ಮುರಿದಾಗ ಅದು ಬೀಳುವುದು ಕೆಳಗೆ ನಿಂತವನ ತಲೆಯ ಮೇಲೆ.

ಹಾಗೆಂದು 'ಧೈರ್ಯದಿಂದ ದೂರು ಕೊಡಿ' ಎಂದು ವೇದಿಕೆಯಿಂದ ಉಪದೇಶಿಸುವವರೊಂದಿಗೆ ನಾವು ದನಿಗೂಡಿಸಲಾರೆವು. ಕೆಜಿಎಫ್‌ನಲ್ಲಿ ಬೆಳೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ್, ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಕಲಬೆರಕೆ ಇಂಧನದ ಬೆನ್ನುಹತ್ತಿದ್ದಕ್ಕೆ 2005ರ ನವೆಂಬರಿನಲ್ಲಿ ಉತ್ತರಪ್ರದೇಶದಲ್ಲಿ ಗುಂಡಿಗೆ ಬಲಿಯಾದರು. ಸಹಕಾರ ಸಂಘಗಳ ಅಕ್ರಮಗಳನ್ನು ಲೆಕ್ಕಪರಿಶೋಧನೆಯಲ್ಲಿ ಹೊರಗೆಳೆದಿದ್ದ ಎಸ್.ಪಿ. ಮಹಾಂತೇಶ್ 2012ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಲ್ಲೆಗೊಳಗಾಗಿ ತೀರಿಕೊಂಡರು. ಬೇಲೆಕೇರಿ ಬಂದರಿನ ಅಕ್ರಮ ಅದಿರಿಗೆ ಕೈಹಾಕಿದ ಅರಣ್ಯಾಧಿಕಾರಿ ಆರ್. ಗೋಕುಲ್ 2010ರಲ್ಲಿ ಅಮಾನತಾದರು. ಅದನ್ನು ಪ್ರತಿಭಟಿಸಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ರಾಜೀನಾಮೆ ಕೊಟ್ಟ ಮೇಲಷ್ಟೇ ರಾಜ್ಯ ಬೆಚ್ಚಿತು. ಅಧಿಕಾರಿಗಳ ಪಾಡೇ ಇದಾದರೆ, ಹಂಗಾಮಿ ಕೂಲಿಯವನ ಬೆನ್ನಿಗೆ ಯಾವ ಲೋಕಾಯುಕ್ತರು ನಿಲ್ಲುತ್ತಾರೆ?

ಕಾನೂನು ನಿಲ್ಲುವುದೆ? ಅಕ್ರಮ ಬಯಲು ಮಾಡುವವರ ರಕ್ಷಣೆಗೆಂದು ಸಂಸತ್ತು 2014ರಲ್ಲಿ ಅಂಗೀಕರಿಸಿದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ಅದು ಇಂದಿಗೂ ಜಾರಿಗೆ ಬಂದಿಲ್ಲ. ಜಾರಿಯಾದರೂ ಅದು ಸಾರ್ವಜನಿಕ ನೌಕರರ ಭ್ರಷ್ಟಾಚಾರಕ್ಕೆ ಸಂಬಂಧಿಸಿದ್ದು, ದೂರುದಾರ ತನ್ನ ಗುರುತು ಹೇಳಲೇಬೇಕು. ಖಾಸಗಿ ಕಾರ್ಖಾನೆಯ ಪಾಳಿಗಾರನಿಗೆ ಅದರ ನೆರಳು ದಕ್ಕುವುದು ಕಷ್ಟ.

ಆದ್ದರಿಂದ ನಮ್ಮ ವಾದವಿಷ್ಟೆ: ಒಳಗಿನವನು ಹೇಳಲಿ, ಸಹಿಯನ್ನು ಹೊರಗಿನವರು ಹಾಕಲಿ. ಯಾವ ದಿನ, ಯಾವ ಹೊತ್ತು, ಯಾವ ನಾಲೆ ಎಂಬ ಮೂರು ಮಾತು ಸಾಕು. ಪಾಳಿಯಲ್ಲಿ ಒಬ್ಬನೇ ಇದ್ದ ರಾತ್ರಿಯ ಸುದ್ದಿಯನ್ನು ಮರುದಿನವೇ ಬಳಸಬೇಡಿ, ಗುರುತು ಸಿಕ್ಕಿಬಿಡುತ್ತದೆ. ಕಾರ್ಖಾನೆಗೆ ಕೊಟ್ಟ ಸಮ್ಮತಿಪತ್ರದ ಷರತ್ತುಗಳನ್ನೂ ತಪಾಸಣಾ ವರದಿಗಳನ್ನೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕೇಳಲು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾವ ವಿದ್ಯಾರ್ಥಿಯೂ ಅರ್ಜಿ ಹಾಕಬಹುದು, ಕಾರಣ ಹೇಳಬೇಕಿಲ್ಲ. ಗ್ರಾಮಸಭೆ ಠರಾವು ಮಾಡಬಹುದು. ಮಂಡಳಿ ಮಲಗಿದರೆ ಚೆನ್ನೈನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವಿದೆ. ಇಷ್ಟೆಲ್ಲ ದಾರಿಗಳಿರುವಾಗ ಬಡವನೊಬ್ಬನನ್ನೇ ಮುಂದೆ ನೂಕಿ ಹಿಂದಿನಿಂದ ಚಪ್ಪಾಳೆ ತಟ್ಟುವುದು ಚಳವಳಿಯಲ್ಲ, ಹೇಡಿತನ.

ಕಬ್ಬು ಅರೆಯುವ ಹಂಗಾಮು ಆರಂಭವಾಗುವುದರೊಳಗೆ ನಾಲ್ಕೂ ತಾಲ್ಲೂಕುಗಳ ನದಿದಂಡೆಯ ಊರುಗಳು ಇಂಥ ಅರ್ಜಿಯೊಂದನ್ನು ಬರೆದಿಟ್ಟುಕೊಳ್ಳಲಿ. ಘಟ್ಟದ ಮೇಲಿನ ನಮ್ಮ ಹುಡುಗರೂ ಅಲ್ಲಿಗೆ ಹೋಗಿ ಬರೆಯಲು ಕೈಜೋಡಿಸಲಿ.