ಟೈಟಲ್ ಕಾರ್ಡಿಗೆ ಬಾರದ ಸೇತುವೆ

ಲಕ್ಸ್ ಸೋಪಿನ ಜಾಹೀರಾತು ನೋಡದವರು ನಿಮ್ಮಲ್ಲಿ ಯಾರಾದ್ರೂ ಇದ್ದೀರಾ? ಇಲ್ಲ ಬಿಡಿ! 1941ರಲ್ಲಿ ಆ ಸೋಪಿನ ಜಾಹೀರಾತಿಗೆ ಬಂದ ಮೊದಲ ಭಾರತೀಯ ತಾರೆ ಲೀಲಾ ಚಿಟ್ನಿಸ್. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. 1951ರ ‘ಆವಾರಾ’ದಲ್ಲಿ ರಾಜ್ ಕಪೂರ್ ತಾಯಿ ಕಣ್ರೀ! ಮುಖ ನೆನಪಾಯಿತಲ್ಲ? ಸೋಪಿನವರ ಸರಕು ಹೊತ್ತವರ ಮುಖ ಮಾತ್ರ ಯಾರಿಗೂ ನೆನಪಿಲ್ಲ.

ಲಕ್ಸ್‌ನ ಲೀವರ್ ಕಂಪನಿ 1919ರಲ್ಲಿ ಇಂಗ್ಲೆಂಡಿನ ವಾರಿಂಗ್ಟನ್ ಊರಿನ ಕ್ರಾಸ್‌ಫೀಲ್ಡ್ ಸೋಪಿನ ಕಾರ್ಖಾನೆಯನ್ನು ಕೊಂಡುಕೊಂಡಿತು. ಕಾರ್ಖಾನೆ ಮರ್ಸಿ ನದಿಯ ಎರಡೂ ದಡಕ್ಕೆ ಹರಡಿತ್ತು. ಮಧ್ಯೆ ಒಂದು ಉಕ್ಕಿನ ಸೇತುವೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಕಟ್ಟಿದ್ದು. ಮಜಾ ಏನು ಗೊತ್ತಾ? ಅದರ ಮೇಲೆ ರಸ್ತೆಯೇ ಇಲ್ಲ! ನೀರಿನಿಂದ 76 ಅಡಿ ಎತ್ತರದಲ್ಲಿ ತೊಲೆಗಳು, ಅವುಗಳಿಂದ ಕೆಳಗೆ ನೇತಾಡುವ ಒಂದು ಹಲಗೆ. ಸರಕು ತುಂಬಿದ ರೈಲು ವ್ಯಾಗನ್ನು ಅದರ ಮೇಲೆ ನಿಂತರೆ, ತೊಟ್ಟಿಲಿನ ಹಾಗೆ ಆಚೆ ದಡಕ್ಕೆ! ಹಡಗು ಬಂದರೂ ದಾರಿಗೆ ಅಡ್ಡಿಯಿಲ್ಲ. ಮೊದಲು 18 ಟನ್ ಹೊರುತ್ತಿದ್ದದ್ದು 1953ರಲ್ಲಿ 30 ಟನ್ನಿಗೆ ಏರಿತು. ಸುಮಾರು 1964ರ ಹೊತ್ತಿಗೆ ಕೆಲಸ ನಿಂತುಹೋಯಿತು.

ಕಟ್ಟಿದ್ದು ವಿಲಿಯಂ ಆರೋಲ್ ಕಂಪನಿ. ಲಂಡನ್ನಿನ ಟವರ್ ಬ್ರಿಡ್ಜಿನ ಉಕ್ಕಿನ ಕೆಲಸವೂ ಇವರದ್ದೇ. ಒಬ್ಬ ಮಗ ಹೀರೋ, ಇನ್ನೊಬ್ಬ ಹಮಾಲಿ!

ಈ ಸೇತುವೆಯ ಫೋಟೋ ನೋಡಿದಾಗ ನನಗೆ ಅಪ್ಪ ನೆನಪಾದರು. ಅವರದು ರೀಲು ಸಾಗಿಸುವ ಕೆಲಸ. ನಮ್ಮೂರ ಟಾಕೀಸಿಗೂ ಪಕ್ಕದೂರಿನ ಟೆಂಟಿಗೂ ಪ್ರಿಂಟು ಒಂದೇ. ಇಲ್ಲಿ ಓಡಿದ ರೀಲನ್ನು ಡಬ್ಬಿಗೆ ತುಂಬಿ, ಸೈಕಲ್ ಕ್ಯಾರಿಯರ್‌ಗೆ ಬಿಗಿದು ನಾಲ್ಕು ಮೈಲಿ ತುಳಿಯಬೇಕು. ಅಣ್ಣಾವ್ರ ಚಿತ್ರ ಬಂದಾಗ ಐದು ನಿಮಿಷ ತಡವಾದ್ರೆ ಟೆಂಟಿನಲ್ಲಿ ಸಿಳ್ಳೆ, ಬೈಗುಳ!

ಒಂದು ಮಳೆಯ ರಾತ್ರಿ ಗೆಳೆಯರ ಜೊತೆ ಟೆಂಟಿನಲ್ಲಿ ಕೂತು ನಾನೂ ಬೈದೆ. ‘ಎಲ್ಲಿ ಸತ್ನೋ ರೀಲಿನವನು!’ ಅಂದವನು ನಾನೇ. ಚಿತ್ರ ಮುಗಿದು ಹೊರಗೆ ಬಂದರೆ ದೀಪದ ಕೆಳಗೆ ಅಪ್ಪ. ಮೊಣಕಾಲಲ್ಲಿ ರಕ್ತ, ಮೈಮೇಲೆ ಅಂಗಿಯಿಲ್ಲ. ಅಂಗಿಯನ್ನು ಡಬ್ಬಿಗೆ ಸುತ್ತಿದ್ದರು. ‘ಪಿಚ್ಚರ್ ಚೆನ್ನಾಗಿತ್ತೇನೋ?’ ಅಂದರು. ನಾನು ತಲೆಯಾಡಿಸಿದೆ, ಅಷ್ಟೇ.

ಈಗ ರೀಲೂ ಇಲ್ಲ, ಟೆಂಟೂ ಇಲ್ಲ, ಅಪ್ಪನೂ ಇಲ್ಲ. ವಾರಿಂಗ್ಟನ್ನಿನ ಸೇತುವೆಯನ್ನು ಯಾರೂ ಸುಮ್ಮನೆ ಕೆಡವುವಂತಿಲ್ಲ, ಕಾನೂನಿನ ರಕ್ಷಣೆಯಿದೆ. ತುಕ್ಕು ತಿನ್ನುತ್ತಿದೆ, ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೂ ಸೇರಿದೆ. ಆದರೂ ನಿಂತಿದೆ ಸ್ವಾಮಿ! ಅಪ್ಪನ ಸೈಕಲ್ಲನ್ನು ನಾನು ಗುಜರಿಗೆ ಹಾಕಿದೆ. ಇನ್ನೂರು ರೂಪಾಯಿ ಬಂತು. ಚೌಕಾಸಿ ಕೂಡ ಮಾಡಲಿಲ್ಲ.

ಮುಂದಿನ ಸಲ ಪರದೆ ಮೇಲೆ ಹೆಸರುಗಳು ಓಡುವಾಗ ಎದ್ದು ಹೊರಡಬೇಡಿ. ಒಂದೆರಡು ಓದಿ. ಮುಂದಿನ ವಾರ ಸಿಗೋಣ.