ಹ್ಯಾಂಡ್‌ಬ್ರೇಕಿಗೂ ಸ್ಕ್ಯಾನರ್ ಬೇಕೇ?

ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಯ ಕಾಲ 2023ರ ಅಕ್ಟೋಬರಿಗೆ ಮುಗಿಯಿತು. ಇಲ್ಲೇ ಕುರ್ಲಾದಲ್ಲಿ ತಯಾರಾದ ಗಾಡಿ ಅದು. ಜ್ಯಾಕ್, ನಾಲ್ಕು ಸ್ಪ್ಯಾನರ್ ಇದ್ದರೆ ರಸ್ತೆ ಬದಿಯಲ್ಲೇ ಅದರ ಬ್ರೇಕ್ ಬಿಚ್ಚಿ ಕಟ್ಟಬಹುದಿತ್ತು.

ಈಗ ನನ್ನ ಕಾರಿನಲ್ಲಿ ಹ್ಯಾಂಡ್‌ಬ್ರೇಕಿನ ಜಾಗದಲ್ಲಿ ಒಂದು ಪುಟ್ಟ ಬಟನ್. ಎಳೆದರೆ ಹಿಂದಿನ ಕ್ಯಾಲಿಪರಿನ ಮೋಟಾರು ಗುಂಯ್ ಎಂದು ಪ್ಯಾಡನ್ನು ಬಿಗಿಯುತ್ತದೆ. ಫ್ಲೈಓವರಿನ ಏರಿನಲ್ಲಿ ಟ್ರಾಫಿಕ್ ನಿಂತಾಗ ಸುಖವೇ, ಇಲ್ಲ ಅನ್ನುವುದಿಲ್ಲ.

ತಾಪತ್ರಯ ಶುರುವಾಗುವುದು ಪ್ಯಾಡ್ ಸವೆದಾಗ ಮಾರಾಯ್ರೆ. ಪಿಸ್ಟನ್ ಹಿಂದೆ ಸರಿಯದೆ ಹೊಸ ದಪ್ಪ ಪ್ಯಾಡ್ ಕೂರುವುದಿಲ್ಲ. ಅದಕ್ಕೆ ಮೊದಲು ಮೋಟಾರು ತನ್ನ ಸ್ಕ್ರೂವನ್ನು ಹಿಂದೆಳೆದುಕೊಳ್ಳಬೇಕು, ಅಂದರೆ ಕಾರು ಸರ್ವಿಸ್ ಮೋಡಿಗೆ ಹೋಗಬೇಕು. ಸಿ-ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ಗೇರೇ ಹಾಳಾಗಬಹುದು. ಕೆಲವು ಕಾರುಗಳಲ್ಲಿ ಪೆಡಲ್, ಬಟನ್ ಒತ್ತುವ ಕ್ರಮ ತಿಳಿದರೆ ಸಾಕು. ನನ್ನದಕ್ಕೆ ಸ್ಕ್ಯಾನರೇ ಆಗಬೇಕು.

"ಬ್ರೇಕ್ ಜೀವದ ಪ್ರಶ್ನೆ, ಮನೆಯಲ್ಲಿ ಮುಟ್ಟಬೇಡಿ" ಅನ್ನುತ್ತಾರೆ. ಅದಕ್ಕೇ ಹೇಳುವುದು, ಕ್ರಮವನ್ನು ಕೈಪಿಡಿಯಲ್ಲಿ ಅಚ್ಚು ಹಾಕಿಸಿ ಅಂತ. ಗುಟ್ಟು ಮಾಡಿದರೆ ಜನ ಮುಟ್ಟದೆ ಬಿಡುವುದಿಲ್ಲ, ಗೊತ್ತಿಲ್ಲದೆ ಮುಟ್ಟುತ್ತಾರೆ. ಬಿಡಿಭಾಗ, ತಪಾಸಣೆಯ ಸಲಕರಣೆ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಸ್ಪರ್ಧಾ ಆಯೋಗ 2014ರಲ್ಲೇ 14 ಕಾರು ಕಂಪನಿಗಳಿಗೆ ದಂಡ ಹಾಕಿತ್ತು. 2022ರಲ್ಲಿ ಕೇಂದ್ರ ಸರಕಾರ ರಿಪೇರಿ ಹಕ್ಕಿನ ಪೋರ್ಟಲನ್ನೂ ತೆರೆಯಿತು. ನಾಲ್ಕು ಸಾಲಿನ ಕ್ರಮ ಅಚ್ಚು ಹಾಕಲು ಇನ್ನೆಷ್ಟು ಆಯೋಗ ಬೇಕೋ!

ನಮ್ಮ ಗಲ್ಲಿಯ ಗ್ಯಾರೇಜಿನವನ ಹತ್ತಿರ ಸ್ಕ್ಯಾನರ್ ಇದೆ. ಭಾನುವಾರ ಅವನನ್ನು ಬಿಲ್ಡಿಂಗಿಗೆ ಕರೆಸುತ್ತೇನೆ. ಮುಂದಿನ ಚಕ್ರಕ್ಕೆ ಅಡ್ಡ ಕಲ್ಲಿಟ್ಟು, ಮೋಡಿಗೆ ಹಾಕುವುದು ಅವನು, ಪ್ಯಾಡ್ ಹಾಕುವುದು ನಾನು. ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ನೋಡುವುದು ಇಬ್ಬರೂ.